ವಸಂತದ ಊಟ: ಹಗುರವಾಗಿರಲಿ, ಬಡವಾಗದಿರಲಿ

ಫಾಲ್ಗುಣ ಕಳೆದು ಚೈತ್ರ ಮಾಸವು ಕಾಲಿಡುವ ಹೊತ್ತಿಗೆ ನಮ್ಮ ಹಳ್ಳಿಗಳ ನೋಟವೇ ಬದಲಾಗುತ್ತದೆ. ಹೊಂಗೆ ಚಿಗುರುತ್ತದೆ, ಬೇವು ಹೂ ಬಿಡುತ್ತದೆ, ಮಾವಿನ ಮರದಲ್ಲಿ ಎಳೆಗಾಯಿಗಳು ತೂಗಾಡುತ್ತವೆ. ಸುಗ್ಗಿಯ ಕಾಳು ಮನೆ ಸೇರಿರುತ್ತದೆ. ಹೊಸ ಹುಣಸೆಹಣ್ಣು ಅಂಗಳದಲ್ಲಿ ಒಣಗುತ್ತಿರುತ್ತದೆ. ಇದೇ ಸಮಯದಲ್ಲಿ ಬಿಸಿಲು ಏರುತ್ತದೆ, ಬಾಯಾರಿಕೆ ಹೆಚ್ಚುತ್ತದೆ, ಹಸಿವು ಕುಗ್ಗುತ್ತದೆ. ಚಳಿಯ ದಿನಗಳಲ್ಲಿ ರುಚಿಯೆನಿಸಿದ ಎಣ್ಣೆಯ ತಿಂಡಿಯೂ ಖಾರದ ಸಾರೂ ಈಗ ಹೊಟ್ಟೆಗೆ ಭಾರವೆನಿಸುತ್ತವೆ. “ಏನಾದರೂ ಹಗುರವಾಗಿ ಮಾಡು” ಎಂಬ ಮಾತು ಪ್ರತಿಯೊಂದು ಮನೆಯಲ್ಲಿಯೂ ಕೇಳಿಬರುತ್ತದೆ.

ಈ ಮಾತು ಸರಿಯಾದುದೇ. ಆದರೆ ಅನೇಕ ಮನೆಗಳಲ್ಲಿ ಅದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳಲಾಗುತ್ತದೆ. ಬೇಳೆ ಮರೆಯಾಗಿ ಸಾರು ತಿಳಿಯಾಗುತ್ತದೆ. ಪಲ್ಯದ ಸ್ಥಾನದಲ್ಲಿ ಉಪ್ಪಿನಕಾಯಿ ಬಂದು ಕೂಡುತ್ತದೆ. ಒಲೆಯ ಮುಂದೆ ಬೆಂದು ಬಸವಳಿದ ಗೃಹಿಣಿಯು “ನನಗೆ ಹಸಿವಿಲ್ಲ” ಎಂದು ಒಂದು ಲೋಟ ಚಹಾ ಕುಡಿದು ದಿನ ಕಳೆಯುತ್ತಾಳೆ. ಹೀಗಾದಾಗ ಊಟವು ಹಗುರವಾಗುವುದರ ಬದಲು ದೇಹವು ಬಡವಾಗುತ್ತದೆ. ಊಟವನ್ನು ಹಗುರಗೊಳಿಸುತ್ತಲೇ ದೇಹವನ್ನು ಪುಷ್ಟಿಯಾಗಿಟ್ಟುಕೊಳ್ಳುವುದು ಹೇಗೆಂಬುದನ್ನು ಈ ಪಾಠದಲ್ಲಿ ತಿಳಿಯೋಣ. ಪತಿಪತ್ನಿಯರು ಜೊತೆಯಲ್ಲಿ ಕುಳಿತು ಇದನ್ನು ಓದಬೇಕೆಂಬುದು ನಮ್ಮ ಅಪೇಕ್ಷೆ. ಒಬ್ಬರಿಗೆ ಓದು ಬಾರದಿದ್ದಲ್ಲಿ ಇನ್ನೊಬ್ಬರು ಓದಿ ಹೇಳಬಹುದು.

ಹಗುರವಾದ ಊಟ ಎಂದರೇನು?

ಹೊಟ್ಟೆಗೆ ಭಾರವೆನಿಸುವ ಆಹಾರಗಳಲ್ಲಿ ಮುಖ್ಯವಾದುವು ಎಣ್ಣೆಯಲ್ಲಿ ಕರಿದ ಪದಾರ್ಥಗಳು. ಕೊಬ್ಬಿನ ಅಂಶವು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಒಂದು ಗ್ರಾಂ ಪಿಷ್ಟವು ದೇಹಕ್ಕೆ 4 ಕ್ಯಾಲೊರಿ ಶಕ್ತಿಯನ್ನು ಕೊಟ್ಟರೆ, ಒಂದು ಗ್ರಾಂ ಎಣ್ಣೆಯು 9 ಕ್ಯಾಲೊರಿ ಕೊಡುತ್ತದೆ. ಕೊಬ್ಬು ದೇಹಕ್ಕೆ ಬೇಕು. ಆದರೆ ಒಗ್ಗರಣೆಗೆ ಒಂದೆರಡು ಚಮಚ ಸಾಲುವಲ್ಲಿ ಬಾಣಲೆ ತುಂಬ ಎಣ್ಣೆ ಕಾಯಿಸುವ ಅಗತ್ಯವಿಲ್ಲ. ತಟ್ಟೆಯ ತುಂಬ ಬರಿಯ ಅನ್ನವನ್ನೇ ಉಣ್ಣುವುದೂ ಭಾರದ ಊಟವೇ. ಅದರಿಂದ ಹೊಟ್ಟೆ ತುಂಬುತ್ತದೆ, ನಿದ್ದೆ ಬರುತ್ತದೆ, ಆದರೆ ದೇಹಕ್ಕೆ ಬೇಕಾದ ಸಸಾರಜನಕವೂ ಕಬ್ಬಿಣಾಂಶವೂ ಸಾಕಷ್ಟು ದೊರೆಯುವುದಿಲ್ಲ.

ಹಗುರವಾದ ಊಟದ ಲಕ್ಷಣಗಳು ಇವು: ಧಾನ್ಯವು ಹದವಾಗಿರಬೇಕು, ಸೊಪ್ಪು ತರಕಾರಿಗಳು ಹೆಚ್ಚಾಗಿರಬೇಕು, ಬೇಳೆ ಅಥವಾ ಕಾಳು ತಪ್ಪದೆ ಇರಬೇಕು, ಎಣ್ಣೆ, ಉಪ್ಪು, ಖಾರಗಳು ಮಿತವಾಗಿರಬೇಕು, ಮಜ್ಜಿಗೆಯೂ ಋತುವಿನ ಹಣ್ಣೂ ಜೊತೆಗಿರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ಒಬ್ಬ ವಯಸ್ಕರಿಗೆ ದಿನಕ್ಕೆ ಸುಮಾರು 400 ಗ್ರಾಂ ಸೊಪ್ಪು ತರಕಾರಿ ಮತ್ತು 100 ಗ್ರಾಂ ಹಣ್ಣು ಇರಬೇಕೆಂದು ಸೂಚಿಸುತ್ತದೆ. ಈ ಪ್ರಮಾಣವನ್ನು ಮುಟ್ಟಲು ವಸಂತಕ್ಕಿಂತ ಅನುಕೂಲವಾದ ಕಾಲ ಬೇರೊಂದಿಲ್ಲ.

ಈ ಋತುವಿನಲ್ಲಿ ದೊರೆಯುವ ಆಹಾರಗಳು

“ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ನುಗ್ಗೆಯ ಮರದ ವಿಷಯದಲ್ಲಿ ಈ ಗಾದೆಯು ಅಕ್ಷರಶಃ ಸತ್ಯವಾಗಿದೆ. ಮರವು ಹಿತ್ತಲಲ್ಲಿ ನಿಂತಿರುತ್ತದೆ. ಕಾಯಿಯನ್ನು ಸಂತೆಗೆ ಕಳುಹಿಸುತ್ತೇವೆ, ಸೊಪ್ಪನ್ನು ಮೇಕೆಗೆ ಹಾಕುತ್ತೇವೆ. ಆ ಸೊಪ್ಪಿನಲ್ಲಿ ಸಸಾರಜನಕ, ಸುಣ್ಣಾಂಶ, ಕಬ್ಬಿಣಾಂಶ ಮತ್ತು ಕಣ್ಣಿಗೆ ಬೇಕಾದ ‘ಎ’ ಜೀವಸತ್ವವನ್ನು ಒದಗಿಸುವ ಅಂಶ ಇವೆಲ್ಲವೂ ಇವೆ. ದಂಟು, ಹೊನಗೊನ್ನೆ, ಮೆಂತ್ಯ, ಪುಂಡಿ, ಬಸಳೆ ಮುಂತಾದ ಸೊಪ್ಪುಗಳೂ ಆಯಾ ಪ್ರದೇಶದಲ್ಲಿ ಬಾವಿಯ ಬಳಿ, ತೋಟದ ಬದುವಿನಲ್ಲಿ ದೊರೆಯುತ್ತವೆ.

ತರಕಾರಿಗಳಲ್ಲಿ ಸೌತೆ, ಸೋರೆ, ಹೀರೆ, ಬೂದುಗುಂಬಳ, ನುಗ್ಗೆಕಾಯಿ ಮತ್ತು ಎಳೆಯ ಹಲಸು ಈ ಕಾಲಕ್ಕೆ ಒಪ್ಪುವಂಥವು. ಸೌತೆ, ಸೋರೆ, ಬೂದುಗುಂಬಳಗಳಲ್ಲಿ ನೀರಿನ ಅಂಶವೇ ಅಧಿಕವಾಗಿರುವುದರಿಂದ ಬೆವರಿನಲ್ಲಿ ಕಳೆದ ನೀರನ್ನು ಅವು ಕೊಂಚಮಟ್ಟಿಗೆ ತುಂಬಿಕೊಡುತ್ತವೆ. ಹಣ್ಣುಗಳಲ್ಲಿ ಕಲ್ಲಂಗಡಿ, ಕರಬೂಜ, ಬಾಳೆ, ಚೆನ್ನಾಗಿ ಮಾಗಿದ ಪಪ್ಪಾಯಿ, ಅನಂತರದ ದಿನಗಳಲ್ಲಿ ಮಾವು ಸುಲಭವಾಗಿ ದೊರೆಯುತ್ತವೆ. ಮಾವಿನಕಾಯಿ ಮತ್ತು ನಿಂಬೆಹಣ್ಣಿನ ಮಹತ್ವವನ್ನು ವಿಶೇಷವಾಗಿ ಗಮನಿಸಬೇಕು. ಇವುಗಳಲ್ಲಿರುವ ‘ಸಿ’ ಜೀವಸತ್ವವು ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ‘ಸಿ’ ಜೀವಸತ್ವವು ಬಿಸಿಗೆ ಬಹುಪಾಲು ನಷ್ಟವಾಗುವುದರಿಂದ ನಿಂಬೆರಸವನ್ನು ಒಲೆಯ ಮೇಲಿರುವಾಗ ಬೆರೆಸದೆ, ಕೆಳಗಿಳಿಸಿದ ನಂತರ ಹಿಂಡಬೇಕು.

ಕಾಳುಗಳ ಸಂಗತಿಯನ್ನು ಮರೆಯುವಂತಿಲ್ಲ. ಹೆಸರು, ತೊಗರಿ, ಅಲಸಂದೆ, ಹುರುಳಿ ಮುಂತಾದ ಕಾಳುಗಳ 100 ಗ್ರಾಮಿನಲ್ಲಿ 20 ಗ್ರಾಂಗೂ ಮಿಗಿಲಾಗಿ ಸಸಾರಜನಕವಿರುತ್ತದೆ. ಅಕ್ಕಿಯಲ್ಲಿ ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ ಇರುತ್ತದೆ. ಇವುಗಳಲ್ಲಿ ಹೆಸರುಬೇಳೆಯು ಬೇಗ ಬೇಯುತ್ತದೆ, ಸುಲಭವಾಗಿ ಜೀರ್ಣವಾಗುತ್ತದೆ. ಆದುದರಿಂದ ಸೆಕೆಯ ದಿನಗಳಿಗೆ ತಕ್ಕುದಾಗಿದೆ. ರಾಗಿಯ 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದು, ಮೂಳೆ ಹಲ್ಲುಗಳ ಬಲಕ್ಕೆ ಅದು ಅವಶ್ಯಕ.

ನಮ್ಮ ಹಿರಿಯರು ಈ ಋತುವಿನ ಧರ್ಮವನ್ನು ಅರಿತವರಾಗಿದ್ದರು. ಯುಗಾದಿಗೆ ಮಾವಿನಕಾಯಿ ಚಿತ್ರಾನ್ನ, ರಾಮನವಮಿಗೆ ಹೆಸರುಬೇಳೆಯ ಕೋಸಂಬರಿ, ಪಾನಕ ಮತ್ತು ನೀರು ಮಜ್ಜಿಗೆ ಎಂಬ ಪದ್ಧತಿಯನ್ನು ನೋಡಿರಿ. ಅವುಗಳಲ್ಲಿ ನೀರು, ಉಪ್ಪು, ಸಸಾರಜನಕ, ‘ಸಿ’ ಜೀವಸತ್ವ ಎಲ್ಲವೂ ಸೇರಿವೆ. ಹಬ್ಬದ ದಿನ ಒಂದು ದೊನ್ನೆ ಕೋಸಂಬರಿ ತಿಂದು ಮರುದಿನ ಅದನ್ನು ಮರೆಯುವುದೇಕೆ? ಮುಂಗಾರು ಬರುವವರೆಗೂ ವಾರಕ್ಕೆ ಮೂರು ನಾಲ್ಕು ದಿನ ಅದು ನಮ್ಮ ತಟ್ಟೆಯಲ್ಲಿರಬಹುದು.

ಪ್ರದೇಶಕ್ಕೆ ತಕ್ಕ ಊಟದ ಮಾದರಿ

ಹೊಸ ಆಹಾರವನ್ನು ಹುಡುಕಿಕೊಂಡು ಪಟ್ಟಣಕ್ಕೆ ಹೋಗಬೇಕಾಗಿಲ್ಲ. ತಮ್ಮ ತಮ್ಮ ಸೀಮೆಯ ಊಟವನ್ನೇ ಕೊಂಚ ತಿದ್ದಿಕೊಂಡರೆ ಸಾಕು.

ರಾಗಿ ಉಣ್ಣುವ ಬಯಲುಸೀಮೆಯಲ್ಲಿ ಬೆಳಿಗ್ಗೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಅಥವಾ ನುಗ್ಗೆಸೊಪ್ಪು ಬೆರೆಸಿ ತಟ್ಟಿದ ರಾಗಿರೊಟ್ಟಿ. ಮಧ್ಯಾಹ್ನ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು, ಬಸಿದ ಸೊಪ್ಪು ಕಾಳಿನ ಪಲ್ಯ ಮತ್ತು ಮಜ್ಜಿಗೆ. ಸಂಜೆ ಒಂದು ಹಿಡಿ ಹುರಿದ ಕಡಲೆಕಾಯಿ ಅಥವಾ ಹಣ್ಣು. ರಾತ್ರಿ ಹದವಾಗಿ ಅನ್ನ, ನುಗ್ಗೆಕಾಯಿ ಹುಳಿ, ಸೌತೆಕಾಯಿ.

ಜೋಳ ಉಣ್ಣುವ ಉತ್ತರದ ಜಿಲ್ಲೆಗಳಲ್ಲಿ ಜೋಳದ ರೊಟ್ಟಿಯೊಡನೆ ಹೆಸರುಕಾಳಿನ ಪಲ್ಯ, ಪುಂಡಿ ಅಥವಾ ಮೆಂತ್ಯದ ಪಲ್ಯ, ಹಸಿಯ ಸೌತೆಕಾಯಿ, ಉಳ್ಳಾಗಡ್ಡಿ, ಸ್ವಲ್ಪ ಅಗಸೆ ಚಟ್ನಿ ಮತ್ತು ಮಜ್ಜಿಗೆ. ಬಿಸಿಲು ಹೆಚ್ಚಾದ ದಿನ ಒಂದು ಹೊತ್ತಿಗೆ ಜೋಳದ ನುಚ್ಚು ಮಜ್ಜಿಗೆ ಉತ್ತಮ. ಆದರೆ ಆ ಹೊತ್ತಿಗೂ ಒಂದು ಬಟ್ಟಲು ಕಾಳಿನ ಪಲ್ಯ ಜೊತೆಗಿರಲಿ.

ಕರಾವಳಿ ಮಲೆನಾಡುಗಳಲ್ಲಿ ಕುಚ್ಚಲಕ್ಕಿಯ ಗಂಜಿ ತಾನೇ ತಾನಾಗಿ ಹಗುರ. ಗಂಜಿಗೆ ಬರಿಯ ಉಪ್ಪಿನಕಾಯಿ ನೆಂಚಿಕೊಳ್ಳದೆ ಹೆಸರುಕಾಳಿನ ಪಲ್ಯ ಅಥವಾ ಹುರುಳಿ ಚಟ್ನಿಯನ್ನು ಸೇರಿಸಬೇಕು. ಬಸಳೆಯ ಸಾರು, ಒಂದೆಲಗದ ತಂಬುಳಿ, ಎಳೆ ಹಲಸಿನ ಪಲ್ಯ ಈ ಕಾಲದ ಒಳ್ಳೆಯ ವ್ಯಂಜನಗಳು. ಮೀನು ತಿನ್ನುವವರು ಅದನ್ನು ಕರಿಯುವ ಬದಲು ಸಾರು ಮಾಡಿ ಉಣ್ಣಬಹುದು. ಮೊಟ್ಟೆ ತಿನ್ನುವವರು ಎಲ್ಲ ಸೀಮೆಗಳಲ್ಲಿಯೂ ಬೇಯಿಸಿದ ಮೊಟ್ಟೆಯನ್ನು ಸೇರಿಸಿಕೊಳ್ಳಬಹುದು.

ಸುಲಭವಾದ ಮೂರು ಅಡುಗೆಗಳು

1. ಕೋಸಂಬರಿ: ನಾಲ್ವರಿಗೆ ಒಂದು ಸಣ್ಣ ಬಟ್ಟಲು ಹೆಸರುಬೇಳೆಯನ್ನು ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ ಬಸಿಯಬೇಕು. ಹೆಚ್ಚಿದ ಸೌತೆಕಾಯಿ, ತುರಿದ ಮಾವಿನಕಾಯಿ, ಕೊತ್ತಂಬರಿ ಸೊಪ್ಪು ಮತ್ತು ಸ್ವಲ್ಪ ತೆಂಗಿನ ತುರಿಯನ್ನು ಬೆರೆಸಿ, ಒಂದು ಚಮಚ ಎಣ್ಣೆಯಲ್ಲಿ ಸಾಸಿವೆಯ ಒಗ್ಗರಣೆ ಕೊಡಬೇಕು. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿದರೆ ಸೌತೆಕಾಯಿ ನೀರು ಬಿಡುವುದಿಲ್ಲ.

2. ರಾಗಿ ಅಂಬಲಿ: ಇಬ್ಬರಿಗೆ ನಾಲ್ಕು ದೊಡ್ಡ ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಮೂರು ಲೋಟ ನೀರಿಗೆ ಸುರಿದು ತಿರುವುತ್ತಾ ಬೇಯಿಸಬೇಕು. ಆರಿದ ಮೇಲೆ ಒಂದೆರಡು ಲೋಟ ಮಜ್ಜಿಗೆ, ಚಿಟಿಕೆ ಉಪ್ಪು, ಹೆಚ್ಚಿದ ಈರುಳ್ಳಿ, ಕರಿಬೇವು ಬೆರೆಸಬೇಕು. ಹೊಲಕ್ಕೆ ಹೋಗುವವರು ಶುಚಿಯಾದ ಪಾತ್ರೆಯಲ್ಲಿ ಒಯ್ದು ಅದೇ ದಿನ ಮುಗಿಸಬೇಕು.

3. ನುಗ್ಗೆಸೊಪ್ಪಿನ ಪಲ್ಯ: ಸೊಪ್ಪನ್ನು ಬಿಡಿಸುವ ಮೊದಲೇ ತೊಳೆಯಬೇಕು. ಮುಕ್ಕಾಲು ಬೆಂದ ಒಂದು ಹಿಡಿ ತೊಗರಿಬೇಳೆಗೆ ನಾಲ್ಕು ಹಿಡಿ ಸೊಪ್ಪು ಸೇರಿಸಿ, ಕೊಂಚವೇ ನೀರಿನಲ್ಲಿ ಮುಚ್ಚಳ ಮುಚ್ಚಿ ಬೇಯಿಸಬೇಕು. ನೀರನ್ನು ಚೆಲ್ಲಬಾರದು. ಎರಡು ಚಮಚ ಎಣ್ಣೆಯ ಒಗ್ಗರಣೆ ಸಾಕು. ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಬೇಕು.

ಬಿಸಿಲಿನ ಸುಸ್ತೋ, ರಕ್ತಹೀನತೆಯೋ?

ಈಗ ಪಾಠದ ಮುಖ್ಯ ವಿಷಯಕ್ಕೆ ಬರೋಣ. ಕೆಳಗಿನ ಮಾತುಕತೆ ನಮ್ಮ ನಾಡಿನ ಯಾವ ಹಳ್ಳಿಯಲ್ಲಾದರೂ ನಡೆಯಬಹುದಾದುದು. ಐದು ತಿಂಗಳ ಗರ್ಭಿಣಿಯೊಬ್ಬಳ ಮನೆಗೆ ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ ಬಂದಿದ್ದಾಳೆ ಎಂದು ಭಾವಿಸಿರಿ.

ಪತಿ: “ಬಿಸಿಲಿಗೆ ಇವಳಿಗೆ ಊಟವೇ ಸೇರುತ್ತಿಲ್ಲ, ಅಕ್ಕಾ. ಒಂದು ಹೊತ್ತು ಮಜ್ಜಿಗೆ ಅನ್ನ ಉಂಡರೆ ಹೆಚ್ಚು. ಹಗುರವಾಗಿರಲಿ ಎಂದು ನಾವೂ ಸುಮ್ಮನಾದೆವು.”

ಅತ್ತೆ: “ನುಗ್ಗೆಸೊಪ್ಪು ಉಷ್ಣ, ಮಾವೂ ಉಷ್ಣ. ಬಸುರಿಗೆ ಅವೆಲ್ಲ ಬೇಡವಮ್ಮಾ. ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ.”

ಕಾರ್ಯಕರ್ತೆ ಗರ್ಭಿಣಿಯ ಕಣ್ಣಿನ ಕೆಳರೆಪ್ಪೆಯನ್ನು ಸರಿಸಿ ನೋಡಿದಳು. ಒಳಭಾಗವು ಬಿಳಚಿಕೊಂಡಿತ್ತು. “ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇನಮ್ಮಾ?” ಎಂದು ಕೇಳಿದಳು.

ಗರ್ಭಿಣಿ: “ಕೊಡ ಹೊತ್ತು ಬಂದರೆ ಬರುತ್ತದೆ, ಅಕ್ಕಾ. ಬಿಸಿಲಿಗೆ ಹಾಗಾಗುತ್ತದೆ ಎಂದುಕೊಂಡೆ.” ಸ್ವಲ್ಪ ತಡೆದು ತಗ್ಗಿದ ದನಿಯಲ್ಲಿ ಹೇಳಿದಳು: “ಹಸಿವಿಲ್ಲವೆಂದೇನೂ ಅಲ್ಲ. ಎಲ್ಲರ ಊಟ ಮುಗಿಯುವ ಹೊತ್ತಿಗೆ ಪಲ್ಯ ಮುಗಿದಿರುತ್ತದೆ.”

ಪತಿಯು ತಲೆ ತಗ್ಗಿಸಿದನು. ಆ ಮನೆಯಲ್ಲಿ ಯಾರೂ ಆಕೆಗೆ ಊಟ ನಿರಾಕರಿಸಿರಲಿಲ್ಲ. ಆಕೆಯ ತಟ್ಟೆಯಲ್ಲಿ ಏನು ಉಳಿದಿದೆಯೆಂದು ಯಾರೂ ನೋಡಿರಲಿಲ್ಲ, ಅಷ್ಟೆ.

ಕಾರ್ಯಕರ್ತೆ ಅತ್ತೆಯ ಕಡೆ ತಿರುಗಿ ಹೇಳಿದಳು: “ಅಮ್ಮಾ, ನಿಮ್ಮ ಕಾಳಜಿ ದೊಡ್ಡದು. ಆದರೆ ತಾಯಿ ಅರೆಹೊಟ್ಟೆಯಲ್ಲಿದ್ದರೆ ಹೆರಿಗೆ ಸುಲಭವಾಗುವುದಿಲ್ಲ. ರಕ್ತ ಕಡಿಮೆಯಿರುವವಳಿಗೆ ಹೆರಿಗೆಯಲ್ಲಿ ಹೋಗುವ ರಕ್ತವೇ ಅಪಾಯ ತರುತ್ತದೆ. ಕೂಸೂ ತೂಕವಿಲ್ಲದೆ ಹುಟ್ಟುತ್ತದೆ. ಬೇಯಿಸಿದ ನುಗ್ಗೆಸೊಪ್ಪನ್ನು ಪಲ್ಯದಷ್ಟು ಉಣ್ಣುವುದರಿಂದಲೂ ಒಂದು ಮಾವಿನ ಹಣ್ಣು ತಿನ್ನುವುದರಿಂದಲೂ ಗರ್ಭಕ್ಕೆ ಕೇಡಿಲ್ಲ. ನಾಳೆಯೇ ಕರೆತನ್ನಿ, ರಕ್ತಪರೀಕ್ಷೆ ಮಾಡೋಣ.”

ಈ ಮನೆಯ ಸಂಗತಿ ಅಪರೂಪದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಸುಸ್ತು, ಏದುಸಿರು, ತಲೆಸುತ್ತು, ಊಟ ಸೇರದಿರುವುದು ರಕ್ತಹೀನತೆಯ ಚಿಹ್ನೆಗಳು. ಬೇಸಿಗೆ ಬಂದಾಗ ಇವನ್ನೆಲ್ಲ ಬಿಸಿಲಿನ ತಲೆಗೆ ಕಟ್ಟಿ ಸುಮ್ಮನಾಗುವುದು ಅಪಾಯಕರ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 100 ಮಿಲಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಸರಳವಾದ ಪರೀಕ್ಷೆಯಿಂದ ಇದನ್ನು ತಿಳಿಯಬಹುದು.

“ಒಪ್ಪೊತ್ತು ಉಂಡವ ಯೋಗಿ” ಎಂಬ ಗಾದೆಯು ಗರ್ಭಿಣಿಗೂ ಬಾಣಂತಿಗೂ ಅನ್ವಯಿಸುವುದಿಲ್ಲ. ಗರ್ಭಿಣಿಗೆ ಎಂದಿನ ಊಟಕ್ಕಿಂತ ದಿನಕ್ಕೆ ಸುಮಾರು 350 ಕ್ಯಾಲೊರಿ, ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ಸುಮಾರು 600 ಕ್ಯಾಲೊರಿ ಹೆಚ್ಚಾಗಿ ಬೇಕು. ಒಮ್ಮೆಲೇ ಉಣ್ಣಲಾಗದಿದ್ದರೆ ಇದನ್ನು ಐದಾರು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು: ಬೆಳಿಗ್ಗೆ ಅಂಬಲಿ, ಹತ್ತು ಗಂಟೆಗೆ ಬಾಳೆಹಣ್ಣು ಮತ್ತು ಕಡಲೆಕಾಯಿ, ಮಧ್ಯಾಹ್ನ ಪೂರ್ಣ ಊಟ, ಸಂಜೆ ಕೋಸಂಬರಿ, ರಾತ್ರಿ ಊಟ, ಮಲಗುವ ಮುನ್ನ ಹಾಲು. ಗರ್ಭಿಣಿಯರ ಪಾಲಿಗೆ ಹಗುರವಾದ ಊಟವೆಂದರೆ ಇದೇ.

ಆಹಾರವೊಂದರಿಂದಲೇ ಗರ್ಭಿಣಿಯ ಕಬ್ಬಿಣಾಂಶದ ಅಗತ್ಯವು ಪೂರೈಸುವುದಿಲ್ಲ. ಆದುದರಿಂದ ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ, ಹೆರಿಗೆಯ ನಂತರವೂ 180 ದಿನ, ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ದಿನಕ್ಕೊಂದರಂತೆ ನುಂಗಬೇಕು. ಮಲವು ಕಪ್ಪಗಾದರೆ ಹೆದರಬೇಕಾಗಿಲ್ಲ. ಚಹಾ ಕಾಫಿಗಳು ಕಬ್ಬಿಣಾಂಶವನ್ನು ತಡೆಯುವುದರಿಂದ ಊಟಕ್ಕೂ ಮಾತ್ರೆಗೂ ಒಂದು ಗಂಟೆ ಹಿಂದೆ ಮುಂದೆ ಅವನ್ನು ಕುಡಿಯಬಾರದು. ಸುಣ್ಣಾಂಶದ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ನುಂಗಬೇಕು. ಅಂಗನವಾಡಿಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಪೌಷ್ಟಿಕ ಊಟ ಕೊಡುವ ಮಾತೃಪೂರ್ಣ ಯೋಜನೆಯು 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಜಾರಿಗೆ ಬಂದಿತು. ಗರ್ಭ ನಿಂತ ಕೂಡಲೆ ಅಂಗನವಾಡಿಯಲ್ಲಿ ಹೆಸರು ನೋಂದಾಯಿಸಬೇಕು. ಒಂದು ಹೆರಿಗೆಯಿಂದ ಇನ್ನೊಂದಕ್ಕೆ ಕನಿಷ್ಠ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ದೇಹವು ಕಳೆದುಕೊಂಡ ಸತ್ವವನ್ನು ಮರಳಿ ಪಡೆಯಲು ಅವಕಾಶವಾಗುತ್ತದೆ ಎಂಬುದನ್ನೂ ದಂಪತಿಗಳು ನೆನೆಯಬೇಕು.

ಪತಿಯ ಕರ್ತವ್ಯ

ಅಡುಗೆಯು ಪತ್ನಿಯದು, ಊಟವು ಪತಿಯದು ಎಂಬ ಭಾವನೆಯನ್ನು ಬಿಡಬೇಕು. ದಿನಕ್ಕೆ ಒಂದು ಹೊತ್ತಾದರೂ ಇಬ್ಬರೂ ಜೊತೆಯಲ್ಲಿ ಕುಳಿತು ಉಣ್ಣಬೇಕು. ಅದು ಸಾಧ್ಯವಾಗದ ತುಂಬಿದ ಮನೆಯಲ್ಲಿ, ಬಡಿಸುವ ಮೊದಲೇ ಆಕೆಯ ಪಾಲಿನ ಪಲ್ಯ ಕಾಳುಗಳನ್ನು ಬೇರೆ ಬಟ್ಟಲಿನಲ್ಲಿ ತೆಗೆದು ಮುಚ್ಚಿಡಬೇಕು. ಇದಕ್ಕೆ ಹಣ ಖರ್ಚಾಗುವುದಿಲ್ಲ, ಗಮನವೊಂದು ಬೇಕು.

ಸಂತೆಗೆ ಹೋದ ಪತಿಯು ಕರಿದ ತಿಂಡಿಯ ಪೊಟ್ಟಣದ ಬದಲು ಎರಡು ಕಟ್ಟು ಸೊಪ್ಪು, ಅರ್ಧ ಕಿಲೋ ಹೆಸರುಬೇಳೆ ತರಬಹುದು. ಗರ್ಭಿಣಿಯು ಕೊಡ ಹೊರುವುದನ್ನು ತಪ್ಪಿಸಿ ತಾನೇ ನೀರು ತರಬಹುದು. ಬಚ್ಚಲ ನೀರು ಹರಿಯುವೆಡೆ ದಂಟು, ಹರಿವೆ ಬಿತ್ತಬಹುದು. ಅಂತಹ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ಉಣ್ಣಬೇಕು. ಮುಂಗಾರಿನ ಮೊದಲ ಮಳೆಗೆ ನುಗ್ಗೆಯ ಒಂದು ಬಲಿತ ಕೊಂಬೆಯನ್ನು ನೆಟ್ಟರೆ ಬರುವ ವಸಂತಗಳಿಗೆ ಮನೆಯ ಸೊಪ್ಪು ಮನೆಯಲ್ಲಿಯೇ ಆಗುತ್ತದೆ.

ಕೆಲವು ಎಚ್ಚರಿಕೆಗಳು

ಸೆಕೆಯಲ್ಲಿ ಆಹಾರವು ಬೇಗ ಕೆಡುತ್ತದೆ. ಮಧ್ಯಾಹ್ನದ ಸಾರನ್ನು ರಾತ್ರಿಗೆ ಉಳಿಸಿದಲ್ಲಿ ಚೆನ್ನಾಗಿ ಕುದಿಸಬೇಕು, ಹಳಸಿದುದನ್ನು ಚೆಲ್ಲಬೇಕು. ಕುಡಿಯುವ ನೀರನ್ನು ಕುದಿಸಿ ಆರಿಸಿ ಮುಚ್ಚಿಡಬೇಕು. ಸಂತೆಯಲ್ಲಿ ಕತ್ತರಿಸಿಟ್ಟು ನೊಣ ಕೂತ ಕಲ್ಲಂಗಡಿಯನ್ನು ಕೊಳ್ಳದೆ ಇಡೀ ಹಣ್ಣನ್ನು ತಂದು ಮನೆಯಲ್ಲಿ ಕೊಯ್ಯಬೇಕು. ವಾಂತಿಭೇದಿಯಾದರೆ ಜೀವಜಲದ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ ಕುಡಿಸುತ್ತಾ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಪೊಟ್ಟಣವಿಲ್ಲದಾಗ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾಚಮಚ ಸಕ್ಕರೆ, ಅರ್ಧ ಮಟ್ಟಸ ಚಹಾಚಮಚ ಉಪ್ಪು ಬೆರೆಸಬಹುದು.

ಉಪ್ಪು ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಚಹಾಚಮಚವನ್ನು ಮೀರಬಾರದು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡುವ ಕಾಲವಿದಾದುದರಿಂದ ರಕ್ತದೊತ್ತಡವಿರುವವರು ವಿಶೇಷ ಎಚ್ಚರ ವಹಿಸಬೇಕು. ಸಕ್ಕರೆ ಕಾಯಿಲೆಯವರು ಪಾನಕವನ್ನು ಬಿಟ್ಟು ಮಜ್ಜಿಗೆಯನ್ನು ಕುಡಿಯಬೇಕು. ಮಾವಿನ ಹಣ್ಣಿನ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಊಟವನ್ನು ಹಗುರ ಮಾಡಲು ಎಣ್ಣೆ, ಉಪ್ಪು, ಖಾರಗಳನ್ನು ತಗ್ಗಿಸಿ. ಬೇಳೆ, ಕಾಳು, ಸೊಪ್ಪುಗಳನ್ನು ತಗ್ಗಿಸಬೇಡಿ.
2. ಸೊಪ್ಪು ಕಾಳಿನ ಊಟಕ್ಕೆ ನಿಂಬೆ ಅಥವಾ ಮಾವಿನಕಾಯಿ ಜೊತೆಯಾಗಲಿ, ಚಹಾ ದೂರವಿರಲಿ.
3. ಬೇಸಿಗೆಯ ಸುಸ್ತು ಒಂದು ವಾರ ಮೀರಿದರೆ ರಕ್ತಪರೀಕ್ಷೆ ಮಾಡಿಸಿ. ಗರ್ಭಿಣಿಯಾದರೆ ಒಂದು ದಿನವೂ ಕಾಯಬೇಡಿ.
4. ಗೃಹಿಣಿಯ ಪಾಲನ್ನು ಮೊದಲೇ ತೆಗೆದಿಡಿ.

ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಈಗ ದೊರೆಯುವ ಸೊಪ್ಪುಗಳು ಯಾವುವು? ಕಳೆದ ವಾರ ಎಷ್ಟು ದಿನ ಅವನ್ನು ಉಂಡಿರಿ?
2. ಗರ್ಭಿಣಿಗೆ ಬೇಡವೆಂದು ನಿಮ್ಮ ಮನೆಯಲ್ಲಿ ಹೇಳುವ ಆಹಾರಗಳು ಯಾವುವು? ಆರೋಗ್ಯ ಕಾರ್ಯಕರ್ತೆಯೊಡನೆ ಅವುಗಳ ಬಗ್ಗೆ ಮಾತನಾಡಿರುವಿರಾ?
3. ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಕೊನೆಯದಾಗಿ ಉಂಡವರು ಯಾರು? ಅವರ ತಟ್ಟೆಯಲ್ಲಿ ಏನೇನು ಇತ್ತು?

ಮೂರನೆಯ ಪ್ರಶ್ನೆಗೆ ಪತಿಯು ಉತ್ತರ ಹೇಳಬಲ್ಲವನಾದರೆ ಈ ಪಾಠದ ಉದ್ದೇಶವು ಸಫಲವಾದಂತೆಯೇ ಸರಿ.